ತಪ್ಪಿಲ್ಲದ ಪಟ್ಟಿ

ಜೂನ್ 6

ಪ್ರಶ್ನೆಗುರುತಿಗೆ,

ನಿನ್ನ ನಾಲ್ಕು ಪುಟದ ಕಾಗದ ತಲುಪಿತು. ಅದರಲ್ಲಿ ಹತ್ತೊಂಬತ್ತು ಪ್ರಶ್ನೆಗುರುತು ಇವೆ. ಎಣಿಸಿದೆ. ನಮ್ಮ ಪ್ರೆಸ್ಸಿನಲ್ಲಿ ಆ ಗುರುತಿನ ಅಚ್ಚುಮೊಳೆ ಇದ್ದದ್ದೇ ಹನ್ನೆರಡು. ಹನ್ನೆರಡು ಮುಗಿದವೋ, ಆಮೇಲೆ ಯಾರೂ ಏನೂ ಕೇಳುವ ಹಾಗಿಲ್ಲ, ಚುಕ್ಕಿ ಇಟ್ಟು ಮುಗಿಸಬೇಕು. ನಿನಗೆ ಆ ಅಡ್ಡಹೆಸರು ಇಟ್ಟವನು ನಾನೇ, ಈಗ ಅನುಭವಿಸುತ್ತಿದ್ದೇನೆ.

ಫೋನು ಯಾಕೆ ಎತ್ತುವುದಿಲ್ಲ ಎಂಬುದು ಮೊದಲನೆಯದು. ನಲವತ್ತು ವರ್ಷ ಮೆಷಿನ್ನಿನ ಪಕ್ಕ ನಿಂತ ಕಿವಿ ಇದು. ಹೋದ ಸಲ ನಿಮ್ಮಮ್ಮ ಫೋನಿನಲ್ಲಿ "ಊಟ ಆಯ್ತಾ?" ಅಂದಳು, ನಾನು "ಈ ಸಲ ಓಟು ಯಾರಿಗೂ ಹಾಕಲ್ಲ" ಅಂದೆ. ತಂಗಿ ನಕ್ಕಳೋ ಅತ್ತಳೋ ಅದೂ ಕೇಳಲಿಲ್ಲ. ಕಾಗದ ಹಾಕು. ಕಣ್ಣು ಇನ್ನೂ ನೆಟ್ಟಗಿದೆ.

ಉಳಿದ ಹದಿನೆಂಟೂ ಒಂದೇ ವಿಷಯ. ನಿಮ್ಮ ಶಾಲೆಗೆ ನೂರು ತುಂಬುತ್ತದೆ, ಪುಸ್ತಕ ತರುತ್ತೀರಿ, ಐವತ್ತೊಂದು ವರ್ಷದ ಹಿಂದಿನ ಆ ಗಲಾಟೆಯ ಬಗ್ಗೆ ನೀನು ಒಂದು ಅಧ್ಯಾಯ ಬರೆಯಬೇಕು, ಆಗ ನಾನು ಅದೇ ಊರಿನಲ್ಲಿ ಇದ್ದವನು. ಸರಿ, ಬರೆದುಕೋ. ಗಿರಣಿ ಮುಚ್ಚಿತು. ಸಾವಿರಾರು ಜನ ಕೆಲಸವಿಲ್ಲದೆ ಬೀದಿಗೆ ಬಿದ್ದರು. ಹೊಳೆ ದಾಟಿ ಬಂದು ನೆಲೆಸಿದ್ದ ಆಚೆ ದಡದವರಿಂದಲೇ ಎಲ್ಲ ಕೆಟ್ಟಿತು ಎಂದು ಯಾರೋ ಹೇಳಿದರು, ಉಳಿದವರು ಹೌದೌದು ಅಂದರು. ಆಚೆ ದಡದವರಲ್ಲಿ ಬಹಳ ಜನ ಊರು ಬಿಟ್ಟರು. ಇಷ್ಟೇ. ಅರ್ಧ ಪುಟ ಸಾಕು.

ಇತಿಹಾಸದಿಂದ ಇವತ್ತಿನವರು ಏನು ಕಲಿಯಬಹುದು ಎಂದು ಕೊನೆಗೆ ಕೇಳಿದ್ದೀಯ. ನಾನು ಓದಿದ್ದು ನಾಲ್ಕನೇ ಕ್ಲಾಸು. ಇತಿಹಾಸ ಶುರುವಾಗುವುದು ಐದರಲ್ಲಿ.

ನಾನು ಕಲಿತದ್ದು ಮೊಳೆ ಜೋಡಿಸುವುದು. ನಮ್ಮ ಮೇಸ್ತ್ರಿ ಮೊದಲ ದಿನವೇ ಹೇಳಿದ: "ಜೋಡಿಸೋನು ಓದಬಾರದು ಕಣೋ. ಅರ್ಥದ ಹಿಂದೆ ಹೋದೆ ಅಂದ್ರೆ ಅಕ್ಷರ ತಪ್ತೀಯ." ಆ ವರ್ಷವೂ ನಾನು ಕೊಟ್ಟದ್ದನ್ನು ಜೋಡಿಸಿದೆ. ಓದಲಿಲ್ಲ. ಹೇಳುವುದಕ್ಕೆ ಏನೂ ಇಲ್ಲ.

ಈ ಕಾಗದವನ್ನು ಹಳೆಯ ನೋಟುಬುಕ್ಕಿನಿಂದ ಹರಿದು ಬರೆಯುತ್ತಿದ್ದೇನೆ. ದಾರದಲ್ಲಿ ಹೊಲಿದ ಪುಸ್ತಕ. ಈ ಕಡೆ ಒಂದು ಹಾಳೆ ಹರಿದರೆ ಆ ಕಡೆ ಅದರ ಜೋಡಿ ಸಡಿಲವಾಗಿ ಕೈಗೆ ಬರುತ್ತದೆ. ನಿನ್ನಿಂದ ಒಳ್ಳೆಯ ಪುಸ್ತಕ ಹಾಳಾಯಿತು.

ನಿನ್ನ ಮಾವ

---

ಜೂನ್ 15

ಪ್ರೀತಿಯ ಮಾವನಿಗೆ ನಮಸ್ಕಾರ.

ಅರ್ಧ ಪುಟ ಸಾಕು ಅಂದಿರಿ. ಆದರೆ ನನಗೆ ಒಂದು ಪೂರ್ತಿ ಪುಟವೇ ಸಿಕ್ಕಿದೆ.

ಶಾಲೆಯ ಬೀರುವಿನಲ್ಲಿ ಹಳೆಯ ದಾಖಲಾತಿ ರಿಜಿಸ್ಟರು ಇದೆ. ಮಗು ಶಾಲೆಗೆ ಸೇರಿದಾಗ ಹೆಸರು, ಹುಟ್ಟಿದ ದಿನ, ತಂದೆಯ ಮೂಲ ಬರೆಯುವ ದಪ್ಪ ಪುಸ್ತಕ. ಹೋದ ವಾರ ತೆರೆದಾಗ ಅದರ ಬೆನ್ನು ಬಿಟ್ಟುಕೊಂಡಿತು. ಒಳಗೆ ಗಟ್ಟಿಯಿರಲೆಂದು ಅಂಟಿಸಿದ್ದ ರದ್ದಿ ಕಾಗದ ಕೈಗೆ ಬಂತು. ನೋಡಿದರೆ ಆ ವರ್ಷದ ಕರಪತ್ರ. "ಆಚೆ ದಡದವರ ಮನೆ, ಅಂಗಡಿಗಳು" ಎಂದು ಮೇಲೆ ದಪ್ಪ ಅಕ್ಷರ, ಕೆಳಗೆ ಇಪ್ಪತ್ತೆರಡು ಮನೆಗಳ ನಂಬರು. ಮಾವ, ಅದರಲ್ಲಿ ಒಂದು ಅಕ್ಷರ ತಪ್ಪಿಲ್ಲ, ಒಂದು ಸಾಲು ಓರೆಯಿಲ್ಲ. ಅದು ನಿಮ್ಮ ಕೈಕೆಲಸವೇ?

ಅಮ್ಮನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಸೂಜಿ ಏನಾದ ಅಂತ ನಿಮ್ಮ ಮಾವನ್ನ ಕೇಳು" ಅಂದರು. "ಯಾರಮ್ಮ ಸೂಜಿ?" ಅಂದೆ. "ಬೈಂಡರ್. ನಿಮ್ಮ ಮಾವನ ಜೀವದ ಗೆಳೆಯ. ನಮ್ಮನೇಲಿ ವಾರಕ್ಕೆ ನಾಲ್ಕು ದಿನ ಅವನದೇ ಊಟ. ಆಮೇಲೆ ನಿಮ್ಮ ಮಾವ ಅವನ ಹೆಸರೆತ್ತಿದ್ದನ್ನ ನಾನು ಕೇಳಿಲ್ಲ." ಅಷ್ಟು ಹೇಳಿ ಎದ್ದು ಒಳಗೆ ಹೋದರು.

ಇಲ್ಲಿ ಈಗ ಮತ್ತೆ ಕಾರ್ಖಾನೆಗಳು ಒಂದೊಂದೇ ಮುಚ್ಚುತ್ತಿವೆ. ಬಸ್ಸಿನಲ್ಲಿ "ಆಚೆ ದಡದವರು" ಎಂಬ ಮಾತು ಮತ್ತೆ ಕಿವಿಗೆ ಬೀಳುತ್ತಿದೆ. ಅದಕ್ಕೇ ಈ ಅಧ್ಯಾಯ ಬೇಕು ಅನ್ನಿಸುತ್ತದೆ.

ಉಳಿದಂತೆ ಶಾಲೆಯಲ್ಲಿ ಪಾಠಕ್ಕಿಂತ ಗುಮಾಸ್ತಿಕೆಯೇ ಹೆಚ್ಚು. ಮಕ್ಕಳ ಅಜ್ಜ ಯಾವ ದಡದವರು ಎಂದು ಬರೆದು ಕೊಡಬೇಕಂತೆ, ಆಫೀಸಿನಿಂದ ಫಾರಂ ಬಂದಿದೆ. ಸಣ್ಣ ಕೆಲಸ. ಆದರೂ ಯಾಕೋ ಕೈ ಓಡುತ್ತಿಲ್ಲ. ಹೇಳಿದ್ದನ್ನು ಮಾಡಬೇಕಲ್ಲ.

ಸೂಜಿ ಏನಾದರು, ಮಾವ?

ನಿಮ್ಮ ಪ್ರಶ್ನೆಗುರುತು

---

ಜೂನ್ 22

ಪ್ರಶ್ನೆಗುರುತಿಗೆ,

ನಿಮ್ಮಮ್ಮನಿಗೆ ವಯಸ್ಸಾಯಿತು, ಬಾಯಿ ಮಾತ್ರ ಬೆಳೆಯುತ್ತಿದೆ ಅಂತ ನಾನು ಹೇಳಿದೆ ಎಂದು ಹೇಳು.

ಹೌದು, ನಾನೇ ಜೋಡಿಸಿದ್ದು. ಆ ಊರಲ್ಲಿ ಇನ್ನೊಬ್ಬ ಯಾವನಿಗೆ ಅಷ್ಟು ನೆಟ್ಟಗೆ ಜೋಡಿಸಲು ಬರುತ್ತಿತ್ತು? ಇಬ್ಬರು ಬಂದು ಬರಹ ಕೊಟ್ಟರು, ಮಾಲೀಕರು "ಮಧ್ಯಾಹ್ನಕ್ಕೆ ಬೇಕಂತೆ" ಅಂದರು, ಜೋಡಿಸಿದೆ. ಕೊಟ್ಟವರು ಯಾರು, ಯಾಕೆ ಎಂದು ಕೇಳುವುದು ನನ್ನ ಕೆಲಸ ಆಗಿರಲಿಲ್ಲ. ಅಂಚೆಯವನು ಕಾಗದ ಒಡೆದು ಓದುತ್ತಾನೆಯೇ?

ಸೂಜಿ ಊರು ಬಿಟ್ಟ. ಎಲ್ಲರೂ ಬಿಟ್ಟರು, ಅವನೂ ಬಿಟ್ಟ. ಮುಗಿಯಿತು.

ಆ ಕರಪತ್ರ ಸುಟ್ಟು ಹಾಕು. ರದ್ದಿಯನ್ನು ಬೆನ್ನಿನೊಳಗೆ ಹಾಕುವುದು ಕಾಣದೇ ಇರಲಿ ಅಂತಲೇ. ಕೆದಕಿದರೆ ಪುಸ್ತಕ ಬಿಚ್ಚಿಕೊಳ್ಳುತ್ತದೆ, ಇನ್ನೇನೂ ಸಿಗುವುದಿಲ್ಲ.

ನೀನು ಟೀಚರು. ಸಂಬಳ ಕೊಡುವವರು ಕೊಟ್ಟ ಕೆಲಸ ಮೊದಲು ಮಾಡು. ಆ ಫಾರಂ ಏನೋ ಅಂದೆಯಲ್ಲ, ಕೈ ಓಡುತ್ತಿಲ್ಲ ಅಂತ ಕೂತುಕೊಳ್ಳುವುದು ಸೋಮಾರಿಗಳ ಮಾತು. ಮಾಡು, ಅಚ್ಚುಕಟ್ಟಾಗಿ ಮಾಡು. ಮಾಡಿದ ಕೆಲಸದಲ್ಲಿ ಇನ್ನೊಬ್ಬ ಬೆರಳಿಟ್ಟು ತೋರಿಸುವ ಹಾಗೆ ತಪ್ಪಿರಬಾರದು. ಕಣ್ಣಿಗೆ ಬಿದ್ದ ತಪ್ಪನ್ನು ತಿದ್ದದೆ ಬಿಡುವವನು ಕಳ್ಳನಿಗಿಂತ ಕಡೆ. ಅಷ್ಟು ಮಾಡಿದರೆ ಸಾಕು, ಇತಿಹಾಸ ತನ್ನ ಪಾಡಿಗೆ ತಾನು ಬಿದ್ದಿರುತ್ತದೆ.

ನಿನ್ನ ಮಾವ

---

ಜೂನ್ 30

ಪ್ರೀತಿಯ ಮಾವನಿಗೆ ನಮಸ್ಕಾರ.

ನಿಮ್ಮ ಬೈಗುಳದಿಂದ ಒಳ್ಳೆಯದೇ ಆಯಿತು. ಫಾರಂ ಹದಿನೈದು ದಿನದಿಂದ ಮೇಜಿನ ಮೇಲೆ ಬಿದ್ದಿತ್ತು. ನಿಮ್ಮ ಕಾಗದ ಓದಿ, ಇದರಲ್ಲಿ ನನ್ನದೇನಿದೆ, ನಾನು ಬರೆಯುವವಳು ಮಾತ್ರ ಅನ್ನಿಸಿ ಮನಸ್ಸು ಹಗುರವಾಯಿತು. ಎರಡು ದಿನ ಕೂತು ಇನ್ನೂರ ಹನ್ನೆರಡು ಮಕ್ಕಳದ್ದೂ ಮುಗಿಸಿದೆ.

ನಿಮಗೆ ಖುಷಿಯಾಗುವ ಒಂದು ಸಂಗತಿ ಹೇಳುತ್ತೇನೆ. ಆರನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಮೊದಲನೇ ಬೆಂಚು. ಮಾತಿಗೆ ಮೊದಲು ಕೈ ಎತ್ತುತ್ತಾಳೆ, ಕೈ ಇಳಿಸುವುದಕ್ಕೆ ಮೊದಲು ಉತ್ತರ ಹೇಳಿಬಿಡುತ್ತಾಳೆ. ನಾನು ಅವಳನ್ನು "ಅವಸರ" ಅಂತಲೇ ಕರೆಯುವುದು. ಅವಳ ತಾಯಿ ಫಾರಮ್ಮಿನಲ್ಲಿ "ಈಚೆ ದಡ" ಎಂದು ಬರೆದಿದ್ದರು. ನನಗೆ ಅನುಮಾನ ಬಂದು ಹಳೆಯ ರಿಜಿಸ್ಟರು ತೆಗೆದು ನೋಡಿದೆ. ಅವಳ ಅಜ್ಜ ಇದೇ ಶಾಲೆಗೆ ಸೇರಿದ್ದಾರೆ, ಮೂಲ: ಆಚೆ ದಡ. ಕಣ್ಣಿಗೆ ಬಿದ್ದ ಮೇಲೆ ಬಿಡಲಾದೀತೇ? ‘ಈ’ ಹೊಡೆದು ‘ಆ’ ಬರೆದೆ. ಒಂದೇ ಅಕ್ಷರ.

ಪಟ್ಟಿ ಒಯ್ಯಲು ಬಂದ ಆಫೀಸಿನವರು ಅಲ್ಲೇ ನಿಂತು ತಾಳೆ ನೋಡಿದರು. "ಎಲ್ಲಾ ಸ್ಕೂಲಲ್ಲೂ ನೋಡ್ಕೊಂಡು ಬಂದೆ ಮೇಡಂ. ಒಂದೂ ತಪ್ಪಿಲ್ಲದ ಪಟ್ಟಿ ಅಂದ್ರೆ ನಿಮ್ಮದೊಂದೇ" ಅಂದರು. ನಿಮ್ಮ ನೆನಪಾಯಿತು.

ಕರಪತ್ರ ಸುಟ್ಟಿಲ್ಲ. ಕೋಪ ಮಾಡಿಕೊಳ್ಳಬೇಡಿ.

ನಿಮ್ಮ ಪ್ರಶ್ನೆಗುರುತು

---

ಜುಲೈ 1

ಪ್ರಶ್ನೆಗುರುತಿಗೆ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಇವತ್ತು ಬೆಳಗ್ಗೆ ನಿನ್ನ ಹದಿನೈದನೇ ತಾರೀಖಿನ ಕಾಗದ ಇನ್ನೊಮ್ಮೆ ತೆಗೆದೆ. ಮೊದಲ ಸಲ ಕರಪತ್ರ ಅಂದದ್ದು ಕಂಡೊಡನೆ ತಲೆ ಕೆಟ್ಟು, ಉಳಿದದ್ದರ ಮೇಲೆ ಕಣ್ಣು ಓಡಿತು ಅಷ್ಟೇ, ಓದಿರಲಿಲ್ಲ. ಆ ಫಾರಂ ಏನು ಕೇಳುತ್ತದೆ ಎಂದು ಈಗ ತಲೆಗೆ ಹೋಯಿತು. ಅಚ್ಚುಕಟ್ಟಾಗಿ ಮಾಡು ಅಂತ ಬೇರೆ ಬರೆದು ಕೂತಿದ್ದೇನೆ, ಮುಟ್ಠಾಳ.

ಮಾಡಬೇಡ. ಮಾಡಿದ್ದರೆ ಕೊಡಬೇಡ. ಕೊಡಲೇಬೇಕು ಅಂದರೆ ತಪ್ಪು ತಪ್ಪಾಗಿ ಕೊಡು. ಶಾಯಿ ಚೆಲ್ಲು. ಕಳೆದುಹೋಯಿತು ಅನ್ನು. ಯಾಕೆ ಅಂತ ಕೇಳುತ್ತೀಯ, ನೀನು ಕೇಳದೆ ಬಿಡುವವಳಲ್ಲ. ಹೇಳುತ್ತೇನೆ. ನಿಮ್ಮಮ್ಮನಿಗೂ ಹೇಳಿಲ್ಲ.

ಓದಲಿಲ್ಲ ಅಂದೆನಲ್ಲ, ಅದು ಸುಳ್ಳು. ಓದಿದೆ. ಪ್ರೆಸ್ಸಿಗೆ ಬಂದ ಆ ಬರಹದಲ್ಲಿ ಎಂಟನೇ ಸಾಲು: "ಬೈಂಡರ್, ನಂ. 11." ಓದಿದ ಕೂಡಲೇ ತಪ್ಪು ಅಂತ ಗೊತ್ತಾಯಿತು. ಸೂಜಿಯ ಮನೆ 17. ಹನ್ನೊಂದು ಅಂದರೆ ಗಿರಣಿಯ ಹಳೇ ಗೋದಾಮು, ವರ್ಷದಿಂದ ಬೀಗ ಬಿದ್ದಿತ್ತು. ಯಾರು ಬರೆದರೋ ಅವರಿಗೆ ನಮ್ಮ ಬೀದಿ ಗೊತ್ತಿರಲಿಲ್ಲ.

ನನ್ನ ಕೈ ತಾನಾಗಿ ಪೆನ್ಸಿಲ್ ತೆಗೆದುಕೊಂಡಿತು. 11 ಹೊಡೆದು ಪಕ್ಕದಲ್ಲಿ 17 ಬರೆದೆ. ಹದಿನೇಳೇ ಜೋಡಿಸಿದೆ. ನನಗೆ ಆಗ ಇಪ್ಪತ್ತನಾಲ್ಕು. ಕೋಪ, ದ್ವೇಷ ಎಂಥದೂ ಇರಲಿಲ್ಲ, ಹಿಂದಿನ ದಿನವೇ ಅವನ ಜೊತೆ ಕೂತು ಊಟ ಮಾಡಿದ್ದೆ. ದ್ವೇಷದಿಂದ ಮಾಡಿದ್ದರೆ ಒಂದು ಕ್ಷಮೆಯಾದರೂ ಕೇಳಬಹುದಿತ್ತು. ನನ್ನ ಕೈಯಿಂದ ತಪ್ಪು ನಂಬರು ಅಚ್ಚಾಗಿ ಹೋಗಬಾರದು ಅಂತ ಮಾಡಿದೆ. ಇದನ್ನು ಯಾರ ಮುಂದೆ ಹೇಳಿಕೊಳ್ಳಲಿ?

ಪ್ರೆಸ್ಸಿನ ರದ್ದಿಯೆಲ್ಲ ಸೂಜಿಗೇ ಹೋಗುತ್ತಿತ್ತು, ಪುಸ್ತಕದ ಬೆನ್ನಿಗೆ ಅಂಟಿಸಲು. ಅವತ್ತು ಸಂಜೆ ಬುಟ್ಟಿ ಒಯ್ಯಲು ಬಂದವನು ಆ ಬರಹದ ಹಾಳೆ ಎತ್ತಿಕೊಂಡು ನೋಡಿದ. ನನ್ನ ಪೆನ್ಸಿಲ್ ಗುರುತು ನೋಡಿದ. ಬಯ್ಯಲಿಲ್ಲ. "ತಪ್ಪು ಹುಡುಕೋದ್ರಲ್ಲಿ ನಿನ್ನ ಬಿಟ್ರಿಲ್ಲ ಕಣೋ" ಅಂದ. ಹಾಳೆ ಮಡಿಸಿ ಜೇಬಿನಲ್ಲಿ ಇಟ್ಟುಕೊಂಡು, ಬುಟ್ಟಿ ಎತ್ತಿಕೊಂಡು ಹೋದ. ನಾನು ಕೇಸಿನ ಖಾನೆಗಳಿಗೆ ಮೊಳೆ ವಾಪಸು ಹಾಕುತ್ತಾ ನಿಂತಿದ್ದೆ. ತಲೆ ಎತ್ತಲಿಲ್ಲ.

ಪ್ರೆಸ್ಸಿನ ಬಾಗಿಲಿಂದ ಅವನ ಬಾಗಿಲಿಗೆ ಎಂಬತ್ತು ಹೆಜ್ಜೆ. ಜನ ಬಂದದ್ದು ಮೂರನೇ ದಿನ. ಎರಡು ದಿನ ಪೂರ್ತಿ ನನ್ನ ಕೈಲಿತ್ತು. ಹೋಗಿ "ಹೊರಡು" ಅನ್ನಬಹುದಿತ್ತು, ನಮ್ಮ ಮನೆಗೆ ಕರೆದು ತರಬಹುದಿತ್ತು. ಹೋಗಲಿಲ್ಲ. ಮುಖ ತೋರಿಸಲು ನಾಚಿಕೆ. ನಾಚಿಕೆಗೆ ಎಂಬತ್ತು ಹೆಜ್ಜೆ ಬಹಳ ದೂರ.

ಬಂದವರು ಬೇರೆ ಕಡೆಯವರು. ಕರಪತ್ರ ಕೈಯಲ್ಲಿ ಹಿಡಿದು ಬಾಗಿಲ ಮೇಲಿನ ನಂಬರು ನೋಡಿಕೊಂಡು ಬಂದರು. ಅವನ ಹೊಲಿಗೆಯ ಚೌಕಟ್ಟು, ಕತ್ತರಿಸುವ ಯಂತ್ರ ಬೀದಿಗೆ ಬಿದ್ದವು. ಅದೇ ಯಂತ್ರದ ಹಲಗೆಯ ಮೇಲೆ ಅವನ ಬಲಗೈ ಇಟ್ಟು ಜಜ್ಜಿದರು. ಮಾರನೆಯ ದಿನ ಹೆಂಡತಿಯ ಹೆಗಲು ಹಿಡಿದು ದೋಣಿ ಹತ್ತಿದನಂತೆ. ನಾನು ನೋಡಿದ್ದಲ್ಲ, ಕೇಳಿದ್ದು. ನಾನು ಒಳಗೆ ಕೆಲಸ ಮಾಡುತ್ತಿದ್ದೆ.

ಹನ್ನೊಂದನ್ನು ಹಾಗೇ ಬಿಟ್ಟಿದ್ದರೆ ಅವರು ಬೀಗ ನೋಡಿ ಹಿಂದಿರುಗುತ್ತಿದ್ದರೇನೋ. ಇಲ್ಲ, ಅಕ್ಕಪಕ್ಕ ಕೇಳಿ ಬರುತ್ತಿದ್ದರೇನೋ. ಐವತ್ತೊಂದು ವರ್ಷ ಇದನ್ನೇ ಯೋಚಿಸಿದ್ದೇನೆ, ಗೊತ್ತಾಗಿಲ್ಲ.

ನಾನು ಹರಿದು ಹರಿದು ನಿನಗೆ ಬರೆಯುತ್ತಿರುವ ಈ ನೋಟುಬುಕ್ಕು ಅವನು ಹೊಲಿದು ಕೊಟ್ಟದ್ದು. ಇಷ್ಟು ವರ್ಷ ಒಂದಕ್ಷರ ಬರೆದಿರಲಿಲ್ಲ.

ಕಾಗದ ತಲುಪಿದ ಗಳಿಗೆಯಲ್ಲೇ ಆ ಪಟ್ಟಿ ತಡೆ.

ಮಾವ

---

ಜುಲೈ 11

ಮಾವ,

ನಿಮ್ಮ ಒಂದನೇ ತಾರೀಖಿನ ಕಾಗದ ಮೊನ್ನೆ ಬಂತು. ನನ್ನ ಮೂವತ್ತರ ಕಾಗದವೂ ಅಷ್ಟು ಹೊತ್ತಿಗೆ ನಿಮಗೆ ತಲುಪಿರಬೇಕು. ಎರಡೂ ದಾರಿಯಲ್ಲಿ ಒಂದರ ಪಕ್ಕ ಒಂದು ಹಾದುಹೋಗಿವೆ.

ನಿನ್ನೆ ಆಫೀಸಿಗೆ ಹೋದೆ. ಒಂದು ತಪ್ಪಾಗಿದೆ, ಸರಿಮಾಡಬೇಕು ಅಂದೆ. ಅದೇ ಮನುಷ್ಯ. ಬಹಳ ಮರ್ಯಾದೆಯಿಂದ ಕುರ್ಚಿ ಕೊಟ್ಟರು. "ನೀವೇ ತಿದ್ದಿದೀರಲ್ಲ ಮೇಡಂ, ಪಕ್ಕದಲ್ಲಿ ನಿಮ್ದೇ ಸಹಿ ಇದೆ."

"ಆಗ ನನಗೆ ಗೊತ್ತಿರ್ಲಿಲ್ಲ."

"ರಿಜಿಸ್ಟರ್ ನೋಡಿ ತಿದ್ದಿದೀರಿ ಅಂತ ಬರೆದಿದೀರಿ. ಈಗ ರಿಜಿಸ್ಟರ್ ತಪ್ಪು ಅಂತೀರಾ?"

"ಇಲ್ಲ."

"ಮತ್ತೆ ನಾನೇನ್ ಮಾಡ್ಲಿ ಹೇಳಿ. ಸರಿ ಇರೋದನ್ನ ಹ್ಯಾಗ್ ತಿದ್ದೋದು?"

ಪಟ್ಟಿ ಹೋದ ವಾರವೇ ಮೇಲಕ್ಕೆ ಹೋಗಿದೆಯಂತೆ. ಅದರಲ್ಲಿರುವ ಮನೆಗಳಿಗೆ ನೋಟೀಸು ಹೋಗಲು ಶುರುವಾಗಿದೆ. ಹಳೆಯ ಕಾಗದ ತೋರಿಸಬೇಕು, ತೋರಿಸಲಾಗದವರು ಮನೆ ಬಿಡಬೇಕು ಎಂದು ಜನ ಹೇಳುತ್ತಾರೆ.

ಅವಸರ ಸೋಮವಾರದಿಂದ ಶಾಲೆಗೆ ಬಂದಿಲ್ಲ. ಅವಳ ತಾಯಿ ಬುಧವಾರ ಬಂದಿದ್ದರು. ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಅಂದರೂ ಬರಲಿಲ್ಲ. "ಟೀಚರ್, ನಾನು ತಪ್ಪಾಗಿ ಬರೆದಿರ್ಲಿಲ್ಲ. ಗೊತ್ತಿದ್ದೇ ಬರೆದಿದ್ದೆ" ಅಂದರು. "ನಿಮಗೂ ಅರ್ಥ ಆಗುತ್ತೆ ಅಂದ್ಕೊಂಡಿದ್ದೆ. ಮಗಳು ದಿನಾ ನಿಮ್ಮ ಮಾತೇ ಆಡ್ತಾಳೆ, ಅದಕ್ಕೆ." ಅಷ್ಟೇ ಹೇಳಿ ಹೋದರು. ಬಯ್ದಿದ್ದರೆ ಚೆನ್ನಾಗಿತ್ತು.

ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ರಿಜಿಸ್ಟರಿನ ಬೆನ್ನು ಬಿಚ್ಚಿದ್ದು ನೂರು ವರ್ಷದ ಪುಸ್ತಕಕ್ಕಾಗಿ ತೆರೆದಾಗ ಅಲ್ಲ. ಈ ಫಾರಮ್ಮಿಗೆಂದೇ, ಯಾರ ಅಜ್ಜ ಯಾವ ದಡ ಎಂದು ಹುಡುಕಲು ತೆರೆದಾಗ. ಆ ಕರಪತ್ರ ನನ್ನ ಮಡಿಲಿಗೆ ಬಿತ್ತು. ಅದನ್ನು ಎತ್ತಿ ಜೋಪಾನವಾಗಿ ಪಕ್ಕಕ್ಕಿಟ್ಟು, ಹುಡುಕುವುದನ್ನು ಮುಂದುವರಿಸಿದೆ. ಹದಿನೆಂಟು ವರ್ಷ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವಳು ನಾನು.

ನಿಮ್ಮ ಕಾಗದ ಓದಿದ ಮೇಲೆ ಕರಪತ್ರವನ್ನು ಒದ್ದೆ ಬಟ್ಟೆಯಲ್ಲಿ ನೆನೆಸಿ ನೋಡಿದೆ. ಅದು ಒಂದು ಹಾಳೆಯಲ್ಲ, ಎರಡು. ಹಿಂದೆ ಇನ್ನೊಂದನ್ನು ಮೇಣದ ಕಾಗದದಲ್ಲಿ ಮಡಿಸಿ, ಅಂಟು ತಾಗದ ಹಾಗೆ ಇಟ್ಟಿದ್ದಾರೆ. ಕೈಬರಹದ್ದು. ಎಂಟನೇ ಸಾಲಿನಲ್ಲಿ 11 ಹೊಡೆದಿದೆ. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ 17. ಏಳರ ಬಾಲ ನೀವು ಈಗ ಬರೆಯುವ ಹಾಗೇ ಇದೆ.

ರಿಜಿಸ್ಟರಿನ ಕೊನೆಯ ಪುಟದಲ್ಲಿ ಬೈಂಡಿಂಗ್ ಆದ ತಾರೀಖು ಇದೆ. ಕರಪತ್ರದ ತಾರೀಖಿನ ಮಾರನೆಯ ದಿನ. ಸೂಜಿ ಕಟ್ಟಿದ ಕೊನೆಯ ಪುಸ್ತಕ ಇದೇ ಇರಬೇಕು. ಯಾರಾದರೂ ಒಂದು ದಿನ ನೋಡಲಿ ಎಂದು ಇಟ್ಟರೋ, ಯಾರೂ ನೋಡದಿರಲಿ ಎಂದು ನಿಮ್ಮನ್ನು ಮರೆಮಾಡಿದರೋ? ನೀವೇ ಹೇಳಿ. ಅವರು ನಿಮ್ಮ ಗೆಳೆಯ.

ಪ್ರಶ್ನೆಗುರುತು

---

ಜುಲೈ 19

ಮಗಳೇ,

ನಿನ್ನ ಎರಡು ಕಾಗದ ಓದಿದೆ. ಈ ಸಲ ಅಕ್ಷರ ಅಕ್ಷರ ಓದಿದೆ.

‘ಈ’ ಹೊಡೆದು ‘ಆ’ ಬರೆದೆ, ಒಂದೇ ಅಕ್ಷರ ಅಂದೆಯಲ್ಲ, ಅಲ್ಲಿ ಬಂದು ಕಾಗದ ಕೆಳಗಿಟ್ಟೆ. ನಿನಗೆ ಬಯ್ಯುವ ಯೋಗ್ಯತೆ ನನಗಿಲ್ಲ. ಮಾಡಿದವಳು ನೀನು, ನಿಜ. ಹೇಳಿಕೊಟ್ಟವನು ನಾನು. ಐವತ್ತೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದವನು, ಬಾಯಿ ಬಿಟ್ಟಾಗ ಬಂದದ್ದು "ಅಚ್ಚುಕಟ್ಟಾಗಿ ಮಾಡು". ನಾನು ಜೂನ್ ಆರಕ್ಕೇ ನಿಜ ಹೇಳಿದ್ದರೆ ನಿನ್ನ ಕೈ ಆ ಅಕ್ಷರದ ಮೇಲೆ ಹೋಗುತ್ತಿರಲಿಲ್ಲ. ಇತಿಹಾಸದಿಂದ ಏನು ಕಲಿಯಬಹುದು ಎಂದು ಕೇಳಿದ್ದೆಯಲ್ಲ. ಗೊತ್ತಿದ್ದವನು ಅರ್ಧ ಪುಟ ಸಾಕು ಅಂದರೆ ಯಾರು ಏನು ಕಲಿತಾರು?

ಸೂಜಿ ಯಾಕೆ ಇಟ್ಟ ಎಂದು ನನಗೆ ಗೊತ್ತಿಲ್ಲ. ಮೇಣದ ಕಾಗದ ದುಬಾರಿ ಮಾಲು. ಅದನ್ನು ಅವನು ರದ್ದಿಗೆ ಸುತ್ತುವವನಲ್ಲ. ಅವನಿಗೆ ನನ್ನ ಮೇಲೆ ಸಿಟ್ಟಿತ್ತು ಅನ್ನಿಸಿದರೆ ಒಂದು ಥರ ಸಮಾಧಾನ. ನನ್ನನ್ನು ಕಾಪಾಡಿದ ಅನ್ನಿಸಿದರೆ ಕೂರಲಾಗುವುದಿಲ್ಲ, ನಿಲ್ಲಲಾಗುವುದಿಲ್ಲ.

ಆ ಎರಡು ಹಾಳೆಯನ್ನೂ ನಿಮ್ಮ ಪುಸ್ತಕದಲ್ಲಿ ಹಾಕು. ಪೆನ್ಸಿಲ್ ಗುರುತಿನ ಅಡಿಯಲ್ಲಿ ಇದು ಯಾರ ಕೈ ಎಂದು ಬರೆ. ಟೀಚರ ಮಾವ ಅಂತಲೂ ಬರೆ. ನಿಮ್ಮ ಹೆಡ್‌ಮಾಸ್ಟರು ಬೇಡ ಅಂದರೆ ನನ್ನ ಹತ್ತಿರ ಕಳಿಸು, ನನ್ನ ಬಾಯಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನೊಂದು ಮಾತು. ಇದು ಬುದ್ಧಿವಾದ ಅಲ್ಲ, ಬೇಡಿಕೆ. ಆ ತಾಯಿಯ ಮನೆಗೆ ಹೋಗು. ಈ ಕಾಗದ ಮಡಿಸಿಡುವ ಮೊದಲು ಚಪ್ಪಲಿ ಮೆಟ್ಟು. ಏನು ಹೇಳಲಿ ಎಂದು ಯೋಚಿಸುತ್ತಾ ಕೂರಬೇಡ, ನಾನು ಎರಡು ದಿನ ಅದನ್ನೇ ಯೋಚಿಸಿದ್ದು. ಹೋಗು, ನಿಂತುಕೋ. ಬಯ್ದರೆ ಬಯ್ಯಿಸಿಕೋ. ಆ ಹಳೇ ರಿಜಿಸ್ಟರು ಕಂಕುಳಲ್ಲಿ ಇಟ್ಟುಕೊಂಡು ಹೋಗು. ಅಜ್ಜ ಇದೇ ಶಾಲೆಯಲ್ಲಿ ಓದಿದ್ದಕ್ಕೆ ಅದಕ್ಕಿಂತ ಹಳೆಯ ಕಾಗದ ಇನ್ನೇನು ಬೇಕು? ಹಿಡಿದುಕೊಡಲು ಬಂದದ್ದು, ಹಿಡಿದು ನಿಲ್ಲಿಸಲೂ ಬಂದೀತು.

ನಾನು ಇಪ್ಪತ್ತೇಳಕ್ಕೆ ಬರುತ್ತೇನೆ. ಬಸ್ಸಿನಲ್ಲಿ ಏಳು ಗಂಟೆ, ಮಂಡಿ ನೋವು, ಎಲ್ಲ ಗೊತ್ತು, ನಿಮ್ಮಮ್ಮನಿಗೆ ಬಾಯಿ ಮುಚ್ಚಿಕೊಂಡಿರಲು ಹೇಳು. ನಾನೂ ಆ ಬಾಗಿಲಿಗೆ ಬರುತ್ತೇನೆ. ಎಂಬತ್ತು ಹೆಜ್ಜೆಗಿಂತ ಜಾಸ್ತಿ ಇದ್ದರೂ ಪರವಾಗಿಲ್ಲ, ನಿಧಾನವಾಗಿ ನಡೆಯುತ್ತೇನೆ.

ನಿನ್ನ ಮಾವ

---

ಜುಲೈ 24

ಮಾವ,

ನಿಮ್ಮ ಕಾಗದ ಇವತ್ತು ಮಧ್ಯಾಹ್ನ ಬಂತು. ಕ್ಲಾಸು ಅರ್ಧಕ್ಕೆ ಬಿಟ್ಟು ಹೋದೆ. ರಿಜಿಸ್ಟರು ತೆಗೆದುಕೊಂಡೇ ಹೋದೆ. ಬೆನ್ನಿಲ್ಲದೆ ಹಾಳೆಗಳು ಜಾರುತ್ತಿದ್ದವು, ಎದೆಗೆ ಅವುಚಿಕೊಂಡು ನಡೆದೆ.

ಶಾಲೆಯ ಗೇಟಿನಿಂದ ಅವರ ಬಾಗಿಲಿಗೆ ನೂರ ನಲವತ್ತು ಹೆಜ್ಜೆ. ಎಣಿಸಿದೆ.

ಬಾಗಿಲಿಗೆ ಬೀಗ ಹಾಕಿದೆ. ಪಕ್ಕದ ಮನೆಯವರು, "ಭಾನುವಾರ ಬೆಳಗ್ಗೇನೆ ಹೋದ್ರು. ಎಲ್ಲಿಗೆ ಅಂತ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ" ಅಂದರು.

ಆದರೂ ನೀವು ಬನ್ನಿ. ಪಟ್ಟಿಯಲ್ಲಿ ಆಚೆ ದಡದವರ ಇನ್ನೂ ಮೂವತ್ತೊಂದು ಮನೆಗಳಿವೆ. ಅವುಗಳ ನಂಬರು ನನಗೆ ಬಾಯಿಪಾಠ ಬರುತ್ತದೆ. ನಾನೇ ಬರೆದದ್ದು.

ಸೂಜಿ, ದಾರ ತಂದಿಟ್ಟಿದ್ದೇನೆ. ರಿಜಿಸ್ಟರಿಗೆ ಬೆನ್ನು ಹಾಕಬೇಕು.

ನಿಮ್ಮ ಸೊಸೆ